ಮೇಜಿನ ಮೇಲೆ ಏಳು ಮಿಂಚೊ

ಬೆಳಿಗ್ಗೆ ಎಂಟು ಗಂಟೆಗೆ ಝೆಲ್ಯುವಿನ ಅಡುಗೆಮನೆಯ ಮೇಜಿನ ಮೇಲೆ ಏಳು ಜನ ಮಿಂಚೊಗಳು ಅಂಗಾತ ಮಲಗಿ ಸೂರು ನೋಡುತ್ತಿದ್ದರು. ಏಳೂ ದುಂಡಗೆ, ಏಳೂ ಒಂದೇ ಅಳತೆ, ಕಾಫಿ ಬಟ್ಟಲಿನ ಬಾಯಿಯಷ್ಟು ಅಗಲ. ಏಳರಲ್ಲೂ ಅದೇ ಪೊದೆ ಮೀಸೆ, ಎದುರಿಗಿರುವವನು ಸುಳ್ಳು ಹೇಳುತ್ತಿದ್ದಾನೆ ಅಂತ ಗೊತ್ತಾದವನ ಹಾಗೆ ಚೂರೇ ಚೂರು ಎತ್ತಿದ ಅದೇ ಎಡ ಹುಬ್ಬು. ಝೆಲ್ಯು ಒಲೆಯ ಕಡೆ ಹೋದರೆ ಏಳೂ ಜನ ಒಲೆಯ ಕಡೆ ನೋಡುತ್ತಿದ್ದರು, ಕಿಟಕಿಯ ಕಡೆ ಬಂದರೆ ಕಿಟಕಿಯ ಕಡೆ. ಒಂದನ್ನು ಬೋರಲು ಹಾಕಿ ನೋಡಿದ. ಉಳಿದ ಆರಕ್ಕೂ ಸಿಟ್ಟು ಬಂದಂತೆ ಕಂಡಿತು. ಮತ್ತೆ ಮಗುಚಿ ಹಾಕಿದ. ಬದುಕಿದ್ದಾಗ ಮಿಂಚೊ ಒಬ್ಬನೇ ಇದ್ದ, ಆ ಒಬ್ಬನನ್ನು ಸುಧಾರಿಸುವುದರಲ್ಲೇ ಇಡೀ ಕಟ್ಟಡಕ್ಕೆ ಸಾಕುಸಾಕಾಗುತ್ತಿತ್ತು. ಸತ್ತು ಆರು ತಿಂಗಳಿಗೆ ಏಳಾಗಿದ್ದಾನೆ, ಹೀಗೇ ಹೋದರೆ ವರ್ಷಕ್ಕೆ ಗಾಬ್ರೊವೊ ಊರಿನಲ್ಲಿ ಬೇರೆಯವರಿಗೆ ಜಾಗ ಇರುವುದಿಲ್ಲ ಅಂದುಕೊಂಡ ಝೆಲ್ಯು, ಹಾಗೆ ಅಂದುಕೊಂಡು ನಕ್ಕ, ನಕ್ಕಿದ್ದಕ್ಕೆ ನಾಚಿದ.

ತಪ್ಪು ಅವನದೇ. ಆದರೆ ಮರ್ಯಾದೆ ತೋರಿಸಲು ಹೋಗಿ ಆದ ತಪ್ಪು. ಕೆಳಗಿನ ಮನೆಯ ಗೇನಾ, ಮಿಂಚೊನ ಹೆಂಡತಿ, ನಿನ್ನೆ ಮಧ್ಯಾಹ್ನ ಮೇಲೆ ಬಂದು ಇಪ್ಪತ್ತೈದು ಶ್ರದ್ಧಾಂಜಲಿ ಹಾಳೆ ಕೊಟ್ಟು ಹೋಗಿದ್ದಳು: ಕಪ್ಪು ಅಂಚು, ನಡುವೆ ಮಿಂಚೊನ ಫೋಟೊ, ಮೇಲೆ ‘ಆರು ತಿಂಗಳು’, ಕೆಳಗೆ ‘ಮರೆಯಲಾರೆವು’. ಕಟ್ಟಡದ ಬಾಗಿಲು, ಬೇಕರಿ, ಬಸ್ ಸ್ಟಾಪು, ಲಿಂಡೆನ್ ಮರಗಳು, ಎಲ್ಲ ಕಡೆ ಅಂಟಿಸಬೇಕು. ಪ್ರೆಸ್ಸಿನವನ ಹತ್ತಿರ ತೆಳು ಕಾಗದ ಮುಗಿದು ದಪ್ಪ ಕಾಗದದ ಮೇಲೆ ಹೊಡೆದುಕೊಟ್ಟಿದ್ದ. ಹದಿನೆಂಟು ಅಂಟಿಸಿ ಬಂದು ಝೆಲ್ಯು ಮಿಂಚೊನ ಮೋಟಾರ್‌ಸೈಕಲ್ ಒಂದು ಸಲ ಸ್ಟಾರ್ಟ್ ಮಾಡಿ ನೋಡಿದ. ಸಿಲಿಂಡರಿನ ಬುಡದಲ್ಲಿ ಕೂರುವ ಕಾಗದದ ಬಳೆ, ಪ್ಯಾಕಿಂಗ್, ಫಟ್ ಅಂತ ಹರಿದು ಎಣ್ಣೆ ಕಾರಿತು. ಇವತ್ತು ಬೆಳಿಗ್ಗೆ ಆರಕ್ಕೆ ಸಿಲಿಂಡರ್, ಪಿಸ್ಟನ್ ಎರಡೂ ಬಿಚ್ಚಿ ಮೂರನೇ ಮಹಡಿಗೆ ಹೊತ್ತು ತಂದು, ಹೊಸ ಪ್ಯಾಕಿಂಗ್ ಕತ್ತರಿಸೋಣ ಅಂತ ಬೀರುವಿನ ಹಿಂದೆ ಕೈ ಹಾಕಿದರೆ ಹಾಳೆ ಇಲ್ಲ.

"ರಾದ್ಕಾ, ನನ್ನ ಪ್ಯಾಕಿಂಗ್ ಹಾಳೆ ಎಲ್ಲೇ?"

"ಯಾವ್ದು, ಆ ಹಸಿರು ರಟ್ಟಾ?" ಹೆಂಡತಿ ಹಾಸಿಗೆಯಿಂದಲೇ ಕೂಗಿದಳು. "ಫ್ರಿಡ್ಜ್ ಕಾಲಡಿ ಇಟ್ಟಿದೀನಿ. ನಾಲ್ಕು ಮಡಿಕೆ ಮಾಡಿ."

"ನಾಲ್ಕು ಮಡಿಕೇನಾ!"

"ಎರಡು ಮಡಿಕೆ ಇಟ್ರೆ ಅಲ್ಲಾಡ್ತಿತ್ತು."

ಹೊಸ ಹಾಳೆ ತರೋಣವೆಂದರೆ ಶನಿವಾರ ಅಂಗಡಿ ತೆಗೆಯುವುದು ಹತ್ತಕ್ಕೆ. ಮಿಂಚೊನ ಆರು ತಿಂಗಳ ಪೂಜೆ ಇರುವುದು ಹನ್ನೊಂದಕ್ಕೆ, ಗುಡ್ಡದ ಮೇಲಿನ ಸ್ಮಶಾನದಲ್ಲಿ. ಗೇನಾಳ ಮಾತು ಇದ್ದದ್ದು ಇಷ್ಟೇ: ಮಿಂಚೊನ ಗಾಡಿಯ ಮೇಲೆ ನನ್ನನ್ನು ಅವನ ಸಮಾಧಿತನಕ ಕರಕೊಂಡು ಹೋಗು, ದಾರಿಯಲ್ಲಿ ನಿಲ್ಲಕೂಡದು, ನಿಲ್ಲದೆ ಮುಟ್ಟಿದರೆ ಗಾಡಿ ನಿನ್ನದು, ನಿಂತರೆ ಸೆವ್ಲಿಯೆವೊದಲ್ಲಿರುವ ಅವನ ಚಿಕ್ಕಪ್ಪನ ಮಗನದು. ಆ ಚಿಕ್ಕಪ್ಪನ ಮಗ ಎಂಜಿನ್ ಕಿತ್ತು ಆಲೂಗಡ್ಡೆ ತೋಟಕ್ಕೆ ನೀರೆತ್ತುವ ಪಂಪಿಗೆ ಹಾಕುತ್ತೇನೆ ಅಂತ ಹೇಳಿಕೊಂಡು ತಿರುಗುತ್ತಿದ್ದ. ಮೂವತ್ತು ವರ್ಷ ಝೆಲ್ಯು ಆ ಗಾಡಿಯನ್ನು ಬೇರೆಯವರ ಹೆಂಡತಿಯನ್ನು ನೋಡುವ ಹಾಗೆ ಕದ್ದು ಕದ್ದು ನೋಡಿದ್ದ. ಈಗ ಪಂಪು. ಕೈ ತಾನಾಗಿಯೇ ಉಳಿದ ಏಳು ಹಾಳೆಗಳ ಕಡೆ ಹೋಯಿತು.

ಪ್ಯಾಕಿಂಗ್ ಕತ್ತರಿಸುವುದಕ್ಕೆ ಕತ್ತರಿ ಬೇಕಿಲ್ಲ, ಕತ್ತರಿ ಹಿಡಿಯುವವನು ಮೆಕ್ಯಾನಿಕ್ಕೇ ಅಲ್ಲ, ದರ್ಜಿ, ಅಂತ ಹೇಳಿಕೊಟ್ಟವನೂ ಮಿಂಚೊನೇ. ಹಾಳೆಯನ್ನು ಸಿಲಿಂಡರಿನ ಬುಡದ ಮೇಲೆ ಹಾಸಬೇಕು, ಪುಟ್ಟ ಸುತ್ತಿಗೆಯ ಗುಂಡು ತಲೆಯಿಂದ ಅಂಚಿನುದ್ದಕ್ಕೂ ಟಕ ಟಕ ಬಡಿಯುತ್ತ ಹೋಗಬೇಕು, ಕಬ್ಬಿಣದ ಅಂಚೇ ಕಾಗದವನ್ನು ಕತ್ತರಿಸಿಕೊಳ್ಳುತ್ತದೆ. ಹಾಸಿದ. ಸುತ್ತಿಗೆ ಎತ್ತಿದ. ಸುತ್ತಿಗೆಯ ಕೆಳಗೆ ಸರಿಯಾಗಿ ಮಿಂಚೊನ ಮೂಗು. ಛೆ, ಮೂಗಿನ ಮೇಲೆ ಹೊಡೆಯುವುದೇ. ಎಡಕ್ಕೆ ಸರಿಸಿದರೆ ಕಿವಿ, ಬಲಕ್ಕೆ ಸರಿಸಿದರೆ ಕಣ್ಣು. ಕೊನೆಗೆ ಮುಖವನ್ನು ನಡುವಿನ ತೂತಿನ ಮೇಲೆ ತಂದು ನಿಲ್ಲಿಸಿದ. ಅಲ್ಲಿ ಬರೀ ಗಾಳಿ, ಏಟು ಬೀಳುವುದಿಲ್ಲ. ಆ ಮರ್ಯಾದೆಯಿಂದಲೇ ಎಲ್ಲ ಕೆಟ್ಟದ್ದು. ಬಡಿದು ಮುಗಿಸಿದಾಗ ‘ಆರು ತಿಂಗಳು’ ಒಂದು ಕಡೆ, ‘ಮರೆಯಲಾರೆವು’ ಇನ್ನೊಂದು ಕಡೆ ಇಟ್ಟುಕೊಂಡು ಬಳೆ ಚೆನ್ನಾಗಿಯೇ ಬಂತು, ಮಿಂಚೊನ ಮುಖ ಮಾತ್ರ ದುಂಡಗೆ ಕಳಚಿ ಸಿಲಿಂಡರಿನ ಒಳಗೆ ಬಿದ್ದು ಕೆಳಗಿನಿಂದ ನೋಡತೊಡಗಿತು. ಒಂದು ಬಳೆ ತೆಳ್ಳಗಾಯಿತು. ಎರಡನೆಯದು ಬೋಲ್ಟಿನ ತೂತಿನಲ್ಲಿ ಹರಿಯಿತು, ಮೂರನೆಯದೂ ಹರಿಯಿತು. ಕೊನೆಗೆ ಮೊದಲನೆಯದೂ ಸೇರಿ ಐದು ಹಾಳೆ ಒಂದರ ಮೇಲೊಂದು ಎಣ್ಣೆ ಹಚ್ಚಿ ಅಂಟಿಸಿದ ಮೇಲೆ ದಪ್ಪ ಸರಿಹೋಯಿತು.

"ಇದೇನಿದು?" ರಾದ್ಕಾ ಎದ್ದು ಬಂದು ಮೇಜಿನ ಮುಂದೆ ನಿಂತಳು.

"ಮಿಂಚೊ."

"ಗೊತ್ತಾಯ್ತು. ನಲವತ್ತು ವರ್ಷ ನನ್ನ ಕೈಯಡುಗೆ ತಿಂದವನ ಮುಖ ಗೊತ್ತಾಗಲ್ವಾ ನಂಗೆ? ಇಷ್ಟೊಂದು ಯಾಕಿದಾನೆ?"

"ಎಲ್ಲಿಡ್ಲಿ ಹೇಳೇ. ಕಸದ ಬುಟ್ಟಿಗೆ ಹಾಕೋಕಾಗಲ್ಲ."

"ಒಲೆಗೆ ಹಾಕು."

"ಸುಡೋದಾ? ಹೂಳಿದೀವಲ್ಲೇ ಅವನನ್ನ!"

"ಹಾಗಾದ್ರೆ ಫ್ರಿಡ್ಜ್ ಕೆಳಗಿಡು, ಒಂದು ಕಾಲು ಇನ್ನೂ ಅಲ್ಲಾಡ್ತಿದೆ." ಅವಳು ಬಾಲ್ಕನಿಯ ಕಡೆ ಮೂಗೆತ್ತಿದಳು. "ಮೆಣಸಿನಕಾಯಿ ಸುಡೋ ಒಲೇಲಿ ಏನಿಟ್ಟಿದೀಯ ನೀನು?"

"ಪಿಸ್ಟನ್."

"ಇಪ್ಪತ್ತು ಕೇಜಿ ಮೆಣಸಿನಕಾಯಿ ತೊಳೆದಿಟ್ಟಿದೀನಿ ನಾನು!"

"ಐದು ನಿಮಿಷ ಕಣೇ. ಬಿಸಿ ಆದ್ರೇನೇ ಪಿನ್ನು ಒಳಗೆ ಹೋಗೋದು. ಮಿಂಚೊನೂ ಹೀಗೇ ಮಾಡ್ತಿದ್ದ."

"ಅದಕ್ಕೇ ಗೇನಾ ಮಾಡಿದ ಚಟ್ನಿ ಗ್ರೀಸ್ ನಾರ್ತಿತ್ತು."

"ಒಂದನೇ ಮಹಡಿ ಡೊಬ್ರಿ ತಾತ ಎರಡು ಸಲ ಹಾಕಿಸ್ಕೊಂಡ."

"ಡೊಬ್ರಿ ತಾತನಿಗೆ ಗ್ರೀಸೇ ಹಾಕಿದ್ರೂ ಬ್ರೆಡ್ ಕೇಳ್ತಾನೆ."

ಮೆಣಸಿನಕಾಯಿಗೆ ಅಂತ ಮಾಡಿದ ಆ ಕರೆಂಟ್ ಒಲೆಯ ತೂತಿನಲ್ಲಿ ಪಿಸ್ಟನ್ ಎಷ್ಟು ಅಂದವಾಗಿ ಕೂರುತ್ತದೆಂದರೆ, ಒಲೆ ಕಂಡುಹಿಡಿದವನ ಮನಸ್ಸಿನಲ್ಲಿ ಮೊದಲು ಇದ್ದದ್ದು ಪಿಸ್ಟನ್ನೇ, ಹೆಂಡತಿಯ ಭಯಕ್ಕೆ ಮೆಣಸಿನಕಾಯಿ ಅಂತ ಹೇಳಿರಬೇಕು. ಮಿಂಚೊ ಹಾಗೇ ಹೇಳುತ್ತಿದ್ದ. ಝೆಲ್ಯು ಒಲೆಯ ಬಾಯಿಯ ಮೇಲೆ ಕೈ ಹಿಡಿದು ಶಾಖ ನೋಡುತ್ತ ನಿಂತ, ಮತ್ತು ಶಾಖದ ಜೊತೆಗೇ ಮಾರ್ಚ್ ತಿಂಗಳ ಆ ಬೆಳಗು ಏರಿ ಬಂತು. ಗೇನಾ ಬಾಗಿಲು ತಟ್ಟಿ, ಹೊಸ್ತಿಲಲ್ಲೇ ನಿಂತು, "ಝೆಲ್ಯು, ಮಿಂಚೊ ಹೋದ" ಅಂದಿದ್ದಳು. ಆಗ ಝೆಲ್ಯುವಿನ ತಲೆಯೊಳಗೆ ಮೊದಲು ಬಂದದ್ದು ಮಿಂಚೊ ಅಲ್ಲ. ಬಂದದ್ದು ಬೀಗದ ಕೈ: ಮಿಂಚೊನ ಮನೆ ಬಾಗಿಲ ಹಿಂದಿನ ಮೊಳೆ, ಮೊಳೆಗೆ ತೂಗುಹಾಕಿದ ಗಾಡಿಯ ಕೀ. ಸ್ನೇಹಿತ ಬಂದದ್ದು ಅದರ ಹಿಂದೆ, ಒಂದು ಉಸಿರು ತಡವಾಗಿ, ಬಸ್ಸು ತಪ್ಪಿಸಿಕೊಂಡವನ ಹಾಗೆ ಏದುಸಿರು ಬಿಡುತ್ತ. ಆ ಒಂದು ಉಸಿರನ್ನು ಮುಚ್ಚಿಹಾಕಲು ಝೆಲ್ಯು ಎಂಥ ಅಳು ಅತ್ತನೆಂದರೆ ಯಾಂತ್ರಾ ಹೊಳೆಯಾಚೆಗಿನ ನಾಯಿಗಳೆಲ್ಲ ದನಿಗೂಡಿಸಿದವು, ಗೇನಾಳೇ ಅವನಿಗೆ ನೀರು ಕುಡಿಸಬೇಕಾಯಿತು. ಅಳುತ್ತಲೂ ಅವನಿಗೆ ಗೊತ್ತಿತ್ತು, ಇದು ಮಿಂಚೊಗಾಗಿ ಅಲ್ಲ, ಕೀಗಾಗಿ. ಆಮೇಲೆ ನಲವತ್ತನೇ ದಿನ, ಸಮಾಧಿಯ ಪಕ್ಕ, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಬಾಯ್ತುಂಬ ಇಟ್ಟುಕೊಂಡು, "ಅತ್ತಿಗೆ, ಗಾಡಿ ಏನ್ಮಾಡ್ತೀರಾ?" ಅಂತ ಕೇಳಿಬಿಟ್ಟಿದ್ದ. ಒಂದು ಗೋಧಿಕಾಳು ಬಾಯಿಂದ ಹಾರಿ ಪಾದ್ರಿಯ ಕಪ್ಪು ನಿಲುವಂಗಿಯ ಮೇಲೆ ಕೂತಿತು. ಪಾದ್ರಿ ಅದನ್ನು ಎರಡು ಬೆರಳಲ್ಲಿ ತೆಗೆದು, ನೋಡಿ, ಕೆಳಗೆ ಬಿಟ್ಟ. ಗಾಡಿ ಕೇಳಿದ್ದಕ್ಕಿಂತ ಆ ಕಾಳನ್ನು ನೋಡಿದ ರೀತಿ ಇವತ್ತಿಗೂ ಅರಗಿಲ್ಲ.

ಪಿಸ್ಟನ್ ಕಾದಿತ್ತು. ಏಳು ಮಿಂಚೊಗಳನ್ನು ಕೋಟಿನ ಒಳಜೇಬಿಗೆ ಸೇರಿಸಿ, ಸಿಲಿಂಡರನ್ನು ಕಂಕುಳಲ್ಲಿ ಇರುಕಿಸಿಕೊಂಡು, ರಾದ್ಕಾಳ ಬಟ್ಟೆಯ ಕೈಚೀಲದಲ್ಲಿ ಪಿಸ್ಟನ್ ಹಿಡಿದು, ಆರುವ ಮೊದಲು ಮುಟ್ಟಬೇಕಲ್ಲ ಅಂತ ಮೂರು ಮಹಡಿ ಇಳಿದು ಓಡಿದ. ಒಂದನೇ ಮಹಡಿಯ ತಿರುವಿನಲ್ಲಿ ಡೊಬ್ರಿ ತಾತ ಊರುಗೋಲು ಅಡ್ಡ ಹಿಡಿದ.

"ಏನೋ ಅದು, ಬಿಸಿ ಬ್ರೆಡ್ಡಾ?"

"ಪಿಸ್ಟನ್ ತಾತ, ದಾರಿ ಬಿಡು."

"ಬಿಸಿ ಇದೆ ಅಂತ ಕೇಳ್ದೆ. ನೋಡು, ಬೇಕರಿ ಬಾಗಿಲ ಮೇಲೆ ಮಿಂಚೊನ ಹಾಳೆ ಇಲ್ಲ. ಬಸ್ ಸ್ಟಾಪಲ್ಲೂ ಇಲ್ಲ. ಹೊಳೆ ಈಚೆಗೆ ಇದಾನೆ, ಆಚೆಗಿಲ್ಲ. ಏನು, ಅರ್ಧ ಊರಿಗೆ ಮಾತ್ರ ಸತ್ತಿದಾನಾ ಅವನು?"

"ಹಾಳೆ ಸಾಕಾಗ್ಲಿಲ್ಲ."

"ಇಪ್ಪತ್ತೈದು ಸಾಕಾಗ್ಲಿಲ್ವಾ? ತಿಂದ್ಯಾ?"

ಝೆಲ್ಯು ಊರುಗೋಲು ದಾಟಿ ಇಳಿದ. ಎದೆಯ ಮೇಲೆ ಏಳು ಹುಬ್ಬು ಒಟ್ಟಿಗೆ ಮೇಲಕ್ಕೆದ್ದಂತಾಯಿತು.

ಕಟ್ಟಡದ ಬಾಗಿಲ ಪಕ್ಕ ಗಾಡಿ ಕಾಯುತ್ತಿತ್ತು. ಪಿನ್ನು ಬೆಣ್ಣೆಯೊಳಗೆ ಹೋದಂತೆ ಹೋಯಿತು, ಐದು ಪದರದ ಬಳೆ ಕೂತಿತು, ಸಿಲಿಂಡರ್ ಇಳಿಯಿತು. ಬೋಲ್ಟ್ ಬಿಗಿಯುತ್ತ ಬಿಗಿಯುತ್ತ ಅವನು ತನ್ನ ಕೈಕೆಲಸವನ್ನು ನೋಡಿದ, ನೋಡಬಾರದಿತ್ತು. ಮಿಂಚೊ ಬದುಕಿದ್ದರೆ ಹಾರ್ನಿನ ಒಂದು ಸ್ಕ್ರೂ ಬದಲಾಯಿಸಲೂ ಬಿಡುತ್ತಿರಲಿಲ್ಲ. ಹುಟ್ಟಿದ ಹಾಗೇ ಇರಬೇಕು ಅನ್ನುತ್ತಿದ್ದ, ತನ್ನ ಹೊಟ್ಟೆಯೊಂದನ್ನು ಬಿಟ್ಟು ಬೇರೆ ಯಾವುದೂ ಬೆಳೆಯುವುದನ್ನು ಒಪ್ಪುತ್ತಿರಲಿಲ್ಲ. ಅವನು ಹೋದ ಮೇಲೆ ಝೆಲ್ಯು ಹ್ಯಾಂಡಲ್ ಒಂದು ಗೇಣು ಎತ್ತರಿಸಿದ್ದ, ಸೀಟು ಕೊಯ್ದು ಉದ್ದ ಮಾಡಿದ್ದ, ಹಿಂದೆ ಕೂರುವವಳು ಗೇನಾ, ಮೂವರ ಜಾಗದಲ್ಲಿ ಒಬ್ಬಳೇ ಕೂರುವ ಹೆಂಗಸು, ಏರಿನಲ್ಲಿ ಹಿಂದಕ್ಕೆ ಉರುಳಬಾರದು ಅಂತ ತನ್ನ ಅಡುಗೆಮನೆಯ ಒಂದು ಕುರ್ಚಿಯ ಬೆನ್ನನ್ನೇ ಕಿತ್ತು ಬೆಸೆದಿದ್ದ. ಕುರ್ಚಿಯ ಕಬ್ಬಿಣದ ಬೆನ್ನಿನಲ್ಲಿ ಎರಡು ಗುಲಾಬಿ ಹೂವಿದ್ದವು. ಒಂದೊಂದು ಬೆಸುಗೆ ಹಾಕುವಾಗಲೂ ಮನಸ್ಸಿನಲ್ಲೇ, ಇದು ನಿನ್ನ ಹೆಂಡತಿಗೋಸ್ಕರ ಕಣೋ, ಅಂತ ಹೇಳಿಕೊಂಡಿದ್ದ. ಹಾಗೆ ಹೇಳಿಕೊಂಡಷ್ಟೂ ಅದು ಕಳ್ಳನೊಬ್ಬ ಬೀಗಕ್ಕೆ ಎಣ್ಣೆ ಬಿಡುತ್ತ ಆಡುವ ಮಾತಿನ ಹಾಗೆ ಕೇಳಿಸಿತ್ತು.

ಹತ್ತೂವರೆಗೆ ಗೇನಾ ಕಪ್ಪು ಬಟ್ಟೆಯಲ್ಲಿ ಇಳಿದು ಬಂದಳು. ಒಂದು ಚೀಲದಲ್ಲಿ ಗೋಧಿಯ ಪಾತ್ರೆ, ಬ್ರೆಡ್ಡು, ವೈನಿನ ಬಾಟಲಿ, ಮೇಣದ ಬತ್ತಿ. ಗಾಡಿಯ ಸುತ್ತ ಒಂದು ಸುತ್ತು ಬಂದಳು.

"ಇದು ನಿಮ್ಮನೆ ಕುರ್ಚಿ ಅಲ್ವೇನೋ?"

"ಹೌದು ಅತ್ತಿಗೆ."

"ರಾದ್ಕಾ ಏನಂದ್ಳು?"

"ಕುರ್ಚಿ ಇನ್ನೂ ಎಣಿಸಿಲ್ಲ ಅವಳು."

ಅವಳು ತಲೆಯನ್ನು ಅಡ್ಡಡ್ಡ ಆಡಿಸಿ, ಸರಿ ಅನ್ನುವಂತೆ, ಹತ್ತಿ ಕೂತಳು. ಹಿಂದಿನ ಸ್ಪ್ರಿಂಗು ನಿಟ್ಟುಸಿರು ಬಿಟ್ಟಿತು. ಝೆಲ್ಯು ಶಿಲುಬೆ ಗುರುತು ಮಾಡಿಕೊಂಡು ಕಿಕ್ ಹೊಡೆದ, ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಅದೇ ಅವನಿಗೆ ಅನುಮಾನ ತಂದದ್ದು. ಮಿಂಚೊನ ಗಾಡಿ ಮಿಂಚೊಗೇ ಆರು ಕಿಕ್ಕಿಲ್ಲದೆ ಎದ್ದದ್ದಿಲ್ಲ. ಮೊದಲು ಚೆನ್ನಾಗಿಯೇ ಓಡಿತು, ಆಮೇಲೆ ತೀರ ಚೆನ್ನಾಗಿ, ಸೇತುವೆ ದಾಟುವಷ್ಟರಲ್ಲಿ ಭಯವಾಗುವಷ್ಟು ಚೆನ್ನಾಗಿ. ಅವನು ಕೈ ತಿರುಗಿಸದಿದ್ದರೂ ವೇಗ ಏರುತ್ತಿತ್ತು. ಮಾರ್ಕೆಟ್ಟಿನ ಹತ್ತಿರ ಕಲ್ಲಂಗಡಿ ರಾಶಿಯ ಎರಡೂ ಬದಿಯಲ್ಲಿ ಒಟ್ಟಿಗೆ ಹೋದಂತೆ ಅವನಿಗೆ ನೆನಪು. ಪೊಲೀಸಿನವನೊಬ್ಬ ಕೈ ಎತ್ತಿದ್ದು ಕಂಡಿತು, ಗೇನಾಳ ಕಪ್ಪು ಬಟ್ಟೆ ಮತ್ತು ಹಿಂದಿನ ಗುಲಾಬಿ ನೋಡಿ ಆ ಕೈಯಲ್ಲೇ ಟೋಪಿ ತೆಗೆದ. ಐದು ಪದರದ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ, ಅದಕ್ಕೇ ಹೀಗೆ ಹುಚ್ಚು ಹಿಡಿದಿದೆ ಅಂತ ಝೆಲ್ಯುವಿನ ಬುದ್ಧಿ ಹೇಳಿತು. ಅದಲ್ಲ, ‘ಮರೆಯಲಾರೆವು’ ಅನ್ನುವ ಐದು ಕಾಗದ ಕೆಳಗೆ ಕೂತು ನೂಕುತ್ತಿದೆ ಅಂತ ಹೊಟ್ಟೆ ಹೇಳಿತು. ಗುಡ್ಡದ ಏರಿನಲ್ಲಿ ಎಲ್ಲರ ಗಾಡಿಯೂ ಏದುಸಿರು ಬಿಡುತ್ತದೆ, ಇದು ಇಳಿಜಾರಿನ ಹಾಗೆ ಏರಿತು. ಬೀಗದ ಕೈ, ಬೀಗದ ಕೈ, ಬೀಗದ ಕೈ, ಅಂತ ಅದು ಅನ್ನುತ್ತಿದೆಯೇ? ಇಲ್ಲ, ಸೈಲೆನ್ಸರಿನ ಸದ್ದೇ ಹಾಗೆ.

ನಿಲ್ಲದೆ ಮುಟ್ಟಿದರು. ಸಮಾಧಿಯ ಪಕ್ಕದ ದಾರಿಯವರೆಗೂ ಹೋಗಿ, ಗೇರು ತೆಗೆದು, ಸ್ಟ್ಯಾಂಡ್ ಹಾಕಿ ಕೀ ತಿರುಗಿಸಿದ. ಎಂಜಿನ್ ನಿಲ್ಲಲಿಲ್ಲ. ಕೀ ಹೊರಗೆಳೆದ. ನಿಲ್ಲಲಿಲ್ಲ. ಬೆಂಕಿ ಕೊಡುವ ತಂತಿಯನ್ನೇ ಕಿತ್ತ. ಕಿತ್ತ ತಂತಿ ಕೈಯಲ್ಲಿ, ಗಾಡಿ ಇನ್ನೂ ಜೋರಾಗಿ ಅರಚುತ್ತಿತ್ತು. ಪೆಟ್ರೋಲಿನ ನಲ್ಲಿ ಮುಚ್ಚಿದ. ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿಯಬೇಕಷ್ಟೆ. ಮೊದಲೇ ಬಂದು ನಿಂತಿದ್ದ ಹದಿನೈದು ಇಪ್ಪತ್ತು ಜನ, ಅವರ ಮುಂದೆ ಪಾದ್ರಿ, ಡೊಬ್ರಿ ತಾತ, ಎಲ್ಲರೂ ತಿರುಗಿದರು.

"ನಿಲ್ಸೋ ಅದನ್ನ!" ಪಾದ್ರಿ ಕೂಗಿದ.

"ನಿಲ್ತಿಲ್ಲ ಫಾದರ್!"

ಮತ್ತೆ ಗೇರಿಗೆ ಹಾಕಿ, ಬ್ರೇಕ್ ಹಿಡಿದು ಉಸಿರು ಕಟ್ಟಿಸಬಹುದಿತ್ತು. ಕಾಲು ಎತ್ತಿದ. ಗೇನಾ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಾಗಿ, "ಬಿಡು, ಇರ್ಲಿ. ಅವನಿಗೂ ಕೇಳ್ಲಿ" ಅಂದಳು.

ಪಾದ್ರಿ ಪ್ರಾರ್ಥನೆ ಶುರು ಮಾಡಿದ. ಮೊದಲು ಎಂಜಿನ್ನಿನ ಸದ್ದಿನ ಕೆಳಗೆ ಹಾಡಿದ, ಆಮೇಲೆ ಹಟ ಬಂತು, ಆ ಸದ್ದಿನ ಮೇಲೆ ಹಾಡಲು ನೋಡಿದ, ಕುತ್ತಿಗೆಯ ನರ ಉಬ್ಬಿ ಧೂಪದ ಬಟ್ಟಲು ಬೀಸುವುದು ಸಿಲಿಂಡರಿನ ತಾಳಕ್ಕೆ ಬಂತು. ನೀಲಿ ಹೊಗೆಯೂ ಧೂಪದ ಹೊಗೆಯೂ ಬೆರೆತು ಯಾವುದು ಯಾವುದೆಂದು ತಿಳಿಯದಾಯಿತು. ಗೇನಾ ಬೆಂಕಿಪೊಟ್ಟಣ ಬೇಕೆಂದು ಕೈ ಸನ್ನೆ ಮಾಡಿದಳು. ಝೆಲ್ಯು ಕೋಟಿನ ಒಳಜೇಬಿಗೆ ಕೈ ಹಾಕಿ ಎಳೆದ, ಬೆಂಕಿಪೊಟ್ಟಣದ ಜೊತೆ ಏಳೂ ಮಿಂಚೊಗಳು ಹೊರಬಿದ್ದು ಸಮಾಧಿಯ ಹುಲ್ಲಿನ ಮೇಲೆ ಹರಡಿದರು. ಎಲ್ಲರೂ ನೋಡಿದರು. ಝೆಲ್ಯು ಹೆಕ್ಕಲು ಬಗ್ಗಿದ, ತಡವಾಗಿತ್ತು. ಈಗ ಗೊತ್ತಾಗುತ್ತದೆ. ಈಗ ಒಬ್ಬೊಬ್ಬರೂ ಎರಡು ಬೆರಳಲ್ಲಿ ನನ್ನನ್ನು ಎತ್ತಿ, ನೋಡಿ, ಕೆಳಗೆ ಬಿಡುತ್ತಾರೆ.

ಡೊಬ್ರಿ ತಾತ ಬಾಗಿ ಒಂದನ್ನು ಎತ್ತಿಕೊಂಡ. ಅಂಚಿನ ಮೇಲೆ ಬೆರಳಾಡಿಸಿದ, ಎಷ್ಟು ದುಂಡಗೆ, ಎಷ್ಟು ನಯವಾಗಿ ಕತ್ತರಿಸಿದೆ ಅಂತ. ಅವನ ಕಣ್ಣು ಒದ್ದೆಯಾಯಿತು. ಹಾಳೆ ಎಲ್ಲಿ ಹೋದವೆಂದು ಈಗ ತಿಳಿಯಿತು ಅನ್ನುವಂತೆ ಝೆಲ್ಯುವಿನ ಭುಜ ತಟ್ಟಿ, ಮಿಂಚೊನನ್ನು ತನ್ನ ಕೋಟಿನ ಗುಂಡಿಗೆ ಸಿಕ್ಕಿಸಿಕೊಂಡ. ಪಕ್ಕದ ಹೆಂಗಸು ತಲೆವಸ್ತ್ರದ ಪಿನ್ನು ತೆಗೆದು ಇನ್ನೊಂದನ್ನು ಎದೆಗೆ ಚುಚ್ಚಿಕೊಂಡಳು. ಒಂದು ನಿಮಿಷದಲ್ಲಿ ಏಳು ಎದೆಗಳ ಮೇಲಿಂದ ಏಳು ಹುಬ್ಬು ಝೆಲ್ಯುವನ್ನೇ ನೋಡುತ್ತಿದ್ದವು, ಅವುಗಳ ಮೇಲಿನ ಏಳು ಮುಖಗಳು ಅವನಿಗೆ ವಂದನೆ ಹೇಳುತ್ತಿದ್ದವು. ಪಾದ್ರಿಯೂ ಹಾಡು ನಿಲ್ಲಿಸದೆಯೇ ಒಂದು ಕೈಯನ್ನು ಅವನ ತಲೆಯ ಮೇಲಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಎಂಜಿನ್ ಇಷ್ಟು ಅರಚುತ್ತಿರುವಾಗ ಯಾರಿಗೂ ಏನೂ ಕೇಳಿಸುವುದಿಲ್ಲ, ದೇವರಿಗೂ ಅರ್ಧವೇ ಕೇಳಿಸಬಹುದು, ಅನ್ನುವ ಧೈರ್ಯದ ಮೇಲೆ ಅವನು ಗೇನಾಳ ಕಡೆ ತಿರುಗಿ ಮಾಮೂಲಿ ದನಿಯಲ್ಲಿ, ಮಳೆ ಬೆಳೆ ಮಾತಾಡುವವನ ಹಾಗೆ ಹೇಳಿದ:

"ಅತ್ತಿಗೆ, ಇವು ಪ್ರೀತಿಗೆ ಕತ್ತರಿಸಿದ್ದಲ್ಲ. ಪ್ಯಾಕಿಂಗಿಗೆ ಕತ್ತರಿಸಿದ್ದು. ಮಿಕ್ಕ ಕಾಗದ ಎಂಜಿನ್ ಒಳಗಿದೆ. ಮಿಂಚೊ ಹೋದ ಅಂತ ನೀವು ಬಂದು ಹೇಳಿದ್ರಲ್ಲ, ಆಗ ನಂಗೆ ಮೊದಲು ನೆನಪಾಗಿದ್ದು ಗಾಡಿ ಕೀ. ಆಮೇಲೆ ಅವನು. ಅಷ್ಟೆಲ್ಲ ಅತ್ತಿದ್ದು ಅದಕ್ಕೇ."

ಹೇಳಿ ಮುಗಿಸಿ ಹಗುರಾದ. ಆಮೇಲೆ ನೋಡಿದ, ಗೇನಾ ಅವನ ಕಣ್ಣನ್ನಲ್ಲ, ತುಟಿಯನ್ನು ನೋಡುತ್ತಿದ್ದಳು. ಮೂವತ್ತಾರು ವರ್ಷ ಎಂಜಿನ್ ಓಡುವಾಗ ಮಾತ್ರ ಮನಬಿಚ್ಚಿ ಮಾತಾಡುತ್ತಿದ್ದ ಗಂಡನ ಜೊತೆ ಬಾಳಿದವಳು. ಅವಳಿಗೆ ಕಿವಿ ಬೇಕಿರಲಿಲ್ಲ. ಒಂದೊಂದು ಮಾತನ್ನೂ ತುಟಿಯಿಂದಲೇ ಹೆಕ್ಕಿಕೊಂಡಿದ್ದಳು. ಈಗ ಅವಳ ತುಟಿ ಅಲ್ಲಾಡಿತು. ಅವನಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಅವಳು ಹೇಳಿದಳು, ಹೇಳಿದಳು, ಒಂದು ಸಲ ನಗು ಬಂದಂತೆ ಕಂಡಿತು, ಒಂದು ಸಲ ಅಳು, ಮತ್ತೆ ಹೇಳಿದಳು. ಝೆಲ್ಯು ಬಾಯಿ ಬಿಟ್ಟು ನೋಡುತ್ತ ನಿಂತ, ಕಿಟಕಿಯಾಚೆಗಿನ ಹಬ್ಬವನ್ನು ನೋಡುವವನ ಹಾಗೆ.

ಕಾರ್ಬೊರೇಟರ್ ಬರಿದಾಯಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಪಾದ್ರಿಯ ‘ಆಮೆನ್’ ಅದೇ ಜೋರಿನಲ್ಲಿ ಗುಡ್ಡದ ತುಂಬ ಒಂಟಿಯಾಗಿ ಕೇಳಿಸಿ ಅವನೇ ಬೆಚ್ಚಿದ. ಎಲ್ಲೋ ಒಂದು ಕಾಗೆ ಕೂಗಿತು.

"ಏನಂದ್ರಿ ಅತ್ತಿಗೆ?" ಝೆಲ್ಯು ಪಿಸುಗುಟ್ಟಿದ.

"ಗಾಡಿ ನಿಂದು ಅಂದೆ. ನಿಲ್ದೆ ಬಂತಲ್ಲ."

"ಅದಲ್ಲ. ಇನ್ನೂ ಏನೋ ತುಂಬಾ ಅಂದ್ರಿ."

ಅವಳು ಗೋಧಿಯ ಪಾತ್ರೆಯನ್ನು ಡೊಬ್ರಿ ತಾತನ ಕೈಗೆ ಕೊಟ್ಟು ಸುತ್ತಲೂ ನೋಡಿದಳು. ಎಲ್ಲರೂ ಕಿವಿಯಾಗಿದ್ದರು.

"ಇಷ್ಟು ಜನದ ಮುಂದೆ ಸದ್ದಿಲ್ದೆ ಹೇಳೋ ಮಾತಲ್ಲ ಅದು. ಸ್ಟಾರ್ಟ್ ಮಾಡು, ಹೇಳ್ತೀನಿ."

ಗೋಧಿ ಹಂಚಿ ವೈನು ಸುರಿದದ್ದೇ ತಡ, ಝೆಲ್ಯು ತಂತಿ ಸಿಕ್ಕಿಸಿ, ನಲ್ಲಿ ತೆರೆದು ಕಿಕ್ ಹೊಡೆದ. ಇಪ್ಪತ್ತು ಹೊಡೆದ, ಮೂವತ್ತು ಹೊಡೆದ, ಬೂಟಿನ ಅಟ್ಟೆ ಹಾರಿತು. ಗೇನಾ ಹಿಂದೆ ಕೂತು ಕಾಯುತ್ತಿದ್ದಳು. ಅವನ ಮುಖ ನೋಡಲಾಗದೆ ಡೊಬ್ರಿ ತಾತ ಊರುಗೋಲು ಬಿಸಾಕಿ ಹಿಂದಿನಿಂದ ಕೈ ಕೊಟ್ಟ, ಎದೆಗೆ ಮಿಂಚೊ ಚುಚ್ಚಿಕೊಂಡ ಹೆಂಗಸರು ಕೈ ಕೊಟ್ಟರು, ಪಾದ್ರಿ ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು "ಒಂದು, ಎರಡು, ಹೂಂ!" ಅಂದ. ಸಮಾಧಿಗಳ ನಡುವೆ ಇಡೀ ಪೂಜೆ ಗಾಡಿಯನ್ನು ನೂಕುತ್ತ ಓಡಿತು. ಗೇಟು ದಾಟಿ ಇಳಿಜಾರು ಸಿಕ್ಕಿದ್ದೇ ಎಂಜಿನ್ ಭರ್ರೆಂದು ಎದ್ದ ಹೊಡೆತಕ್ಕೆ ನೂಕುತ್ತಿದ್ದವರೆಲ್ಲ ಮುಗ್ಗರಿಸಿದರು.

"ಈಗ ಹೇಳಿ!" ಝೆಲ್ಯು ತಿರುಗದೆಯೇ ಕೂಗಿದ.

ಗೇನಾ ಅವನ ಕಿವಿಗೆ ಬಾಯಿಟ್ಟು, ಗುಡ್ಡ ಇಳಿದು ಹೊಳೆ ದಾಟುವತನಕವೂ ಕೇಳುವ ಹಾಗೆ ಕೂಗಿದಳು. "ಅವನ ಉಸಿರು ನಿಂತಿದೆ ಅಂತ ಗೊತ್ತಾಯ್ತಲ್ಲ, ನಂಗೆ ಮೊದಲು ನೆನಪಾಗಿದ್ದು ಸ್ನಾನದ ತೊಟ್ಟಿ ಕಣೋ! ಹದಿನೇಳು ವರ್ಷ ಅದ್ರಲ್ಲಿ ಚೈನು, ಗೇರು, ಸೀಮೆಎಣ್ಣೆ! ಹದಿನೇಳು ವರ್ಷ ಬಕೆಟ್ಟಲ್ಲಿ ಮೈ ತೊಳ್ಕೊಂಡೆ! ಎಲ್ಲಾ ಎತ್ತಿ ಬಾಲ್ಕನೀಗೆ ಹಾಕ್ದೆ, ತೊಟ್ಟಿ ತಿಕ್ದೆ, ಬಿಸಿನೀರು ತುಂಬಿಸ್ಕೊಂಡು ಕತ್ತಿನ ತನಕ ಕೂತೆ! ಆಮೇಲೆ ಬಂದು ನಿಮ್ಮನೆ ಬಾಗಿಲು ತಟ್ದೆ!"

ಬೇಕರಿಯ ಮುಂದೆ ಸಾಲಾಗಿ ನಿಂತವರೆಲ್ಲ ತಿರುಗಿ ನೋಡಿದರು.

"ಎಷ್ಟು ಹೊತ್ತು ಕೂತ್ರಿ?"

"ನೀರು ತಣ್ಣಗಾಗೋ ತನಕ!"